ಉತ್ಖನನಕ್ಕೆ ಹಣವೋ, ಶ್ರಮವೋ, ಜಾಗವೋ? ಕಾಸರಗೋಡಿನ ಆಸಕ್ತರಿಗೊಂದು ಹೋಲಿಕೆಯ ಮಾರ್ಗದರ್ಶಿ

ಪುರಾತತ್ವ ಉತ್ಖನನಕ್ಕೆ ಜನರೇ ಹಣ ಕೂಡಿಸುವ, ಜನರೇ ಬಂದು ಗುಂಡಿಯಲ್ಲಿ ಕುಳಿತು ಮಣ್ಣು ಕೆರೆಯುವ ಪದ್ಧತಿ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಹಲವು ದೇಶಗಳಲ್ಲಿ ನೆಲೆಯೂರಿದೆ. ಅಂತಹ ಕರೆಗಳು ಈಗ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಗಳ ಮನೆಗಳಿಗೂ ಮೊಬೈಲಿನ ಮೂಲಕ ಬರುತ್ತಿವೆ. ಇತಿಹಾಸದಲ್ಲಿ ಆಸಕ್ತಿಯುಳ್ಳ ನಿವೃತ್ತ ಅಧ್ಯಾಪಕರು, ಕಾಲೇಜು ವಿದ್ಯಾರ್ಥಿಗಳು, ಗಲ್ಫಿನಲ್ಲಿದ್ದು ಊರಿನ ಕಡೆ ಮನಸ್ಸಿಟ್ಟವರು ಇವುಗಳಲ್ಲಿ ಯಾವುದಕ್ಕೆ ಕೈಜೋಡಿಸಬೇಕು, ಎಷ್ಟರ ಮಟ್ಟಿಗೆ, ಯಾವುದರಿಂದ ದೂರವಿರಬೇಕು ಎಂಬುದನ್ನು ತೂಗಿ ನೋಡಲು ಈ ಬರಹ.

ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಹಣ ಕೊಡುವುದಾದರೆ ಅಗೆತ ಮುಗಿದ ಮೇಲಿನ ಕೆಲಸಕ್ಕೆ, ಅಂದರೆ ಕಾಲನಿರ್ಣಯ, ಚಿತ್ರಣ, ದಾಸ್ತಾನು ಮತ್ತು ವರದಿಗೆ ಕೊಡುವುದು ಸಾರ್ಥಕ. ಸಮಯ ಕೊಡುವುದಾದರೆ ನೆಲದ ಮೇಲೆ ಈಗಲೇ ಕಾಣುತ್ತಿರುವುದನ್ನು ದಾಖಲಿಸುವ ಕೆಲಸಕ್ಕೆ ಕೊಡುವುದು ಸಾರ್ಥಕ. ಉತ್ಖನನದ ಗುಂಡಿಗೆ ಆಕರ್ಷಣೆ ಹೆಚ್ಚು, ಅಲ್ಲಿ ಸಾಮಾನ್ಯ ಆಸಕ್ತನ ಅಗತ್ಯ ಕಡಿಮೆ. ಹಾಗೆಂದು ಉಳಿದ ದಾರಿಗಳೆಲ್ಲ ವ್ಯರ್ಥವೆಂದೂ ಅಲ್ಲ. ಯಾರ ಕೈಯಲ್ಲಿ ಏನಿದೆ ಎಂಬುದರ ಮೇಲೆ ಆಯ್ಕೆ ಬದಲಾಗುತ್ತದೆ.

ಕಾನೂನಿನ ಗೆರೆ

ದಾರಿಗಳನ್ನು ಹೋಲಿಸುವ ಮೊದಲು ಇಂಗ್ಲೆಂಡಿಗೂ ನಮಗೂ ಇರುವ ಒಂದು ಮೂಲಭೂತ ವ್ಯತ್ಯಾಸ ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ಸಂರಕ್ಷಿತ ಪಟ್ಟಿಗೆ ಸೇರದ ಖಾಸಗಿ ಜಮೀನಿನಲ್ಲಿ ಉತ್ಖನನ ನಡೆಸಲು ಸಾಮಾನ್ಯವಾಗಿ ಸರ್ಕಾರದ ಪರವಾನಗಿ ಬೇಕಿಲ್ಲ, ಜಮೀನಿನ ಒಡೆಯರ ಒಪ್ಪಿಗೆ ಸಾಕು. ಸಮೂಹ ದೇಣಿಗೆಯ ಉತ್ಖನನ, ಅಂದರೆ ಕ್ರೌಡ್‌ಫಂಡಿಂಗ್, ಅಲ್ಲಿ ಚಿಗುರಿದ್ದಕ್ಕೆ ಜನರ ಉತ್ಸಾಹದಷ್ಟೇ ಈ ಸಡಿಲವೂ ಕಾರಣ. ಭಾರತದಲ್ಲಿ 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ನಿವೇಶನಗಳು ಹಾಗೂ ಅವಶೇಷಗಳ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರ ಕೂಡ ಕೇಂದ್ರದ ಪೂರ್ವಾನುಮತಿಯಿಲ್ಲದೆ ಪುರಾತತ್ವ ಉತ್ಖನನ ಕೈಗೊಳ್ಳುವಂತಿಲ್ಲ. ಅರ್ಜಿಗಳನ್ನು ಕೇಂದ್ರ ಪುರಾತತ್ವ ಸಲಹಾ ಮಂಡಳಿಯ ಸ್ಥಾಯಿ ಸಮಿತಿ ಪರಿಶೀಲಿಸುತ್ತದೆ. ಅನುಮತಿ ಸಿಗುವುದು ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳಿಗೆ, ಸಂಶೋಧನ ಸಂಸ್ಥೆಗಳಿಗೆ, ರಾಜ್ಯ ಪುರಾತತ್ವ ಇಲಾಖೆಗಳಿಗೆ. ನಾಲ್ಕು ಜನ ಸೇರಿ ಸಂಘ ಕಟ್ಟಿ, ರಶೀದಿ ಪುಸ್ತಕ ಅಚ್ಚುಹಾಕಿಸಿ, ನಮ್ಮದೇ ಗುಡ್ಡೆಯಲ್ಲಿ ಅಗೆದು ನೋಡೋಣ ಎಂದು ಹೊರಡಲು ಇಲ್ಲಿ ಅವಕಾಶವಿಲ್ಲ.

ಸಂರಕ್ಷಿತ ಸ್ಮಾರಕವಾದರೆ ಬಿಗಿ ಇನ್ನೂ ಹೆಚ್ಚು. ಬೇಕಲ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತ್ರಿಶೂರು ವೃತ್ತದ ಅಧೀನದಲ್ಲಿದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ವಲಯ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. 2025ರ ಜನವರಿಯಲ್ಲಿ ಕುಂಬಳೆಯ ಆರಿಕ್ಕಾಡಿ ಕೋಟೆಯಲ್ಲಿ ನಿಧಿಗಾಗಿ ಅಗೆಯುತ್ತಿದ್ದವರನ್ನು ಪೊಲೀಸರು ಬಂಧಿಸಿದ ಸುದ್ದಿ ಜಿಲ್ಲೆಯಲ್ಲಿ ಎಲ್ಲರಿಗೂ ನೆನಪಿರಬಹುದು. ನಿಧಿಗಳ್ಳತನಕ್ಕೂ ಅನುಮತಿಯಿಲ್ಲದ ಸದುದ್ದೇಶದ ಅಗೆತಕ್ಕೂ ಉದ್ದೇಶದಲ್ಲಿ ಅಜಗಜಾಂತರವಿದ್ದರೂ, ಕದಡಿದ ಮಣ್ಣಿನ ಪದರಗಳ ಪಾಲಿಗೆ ಎರಡೂ ಒಂದೇ. ಆದುದರಿಂದ ಭಾರತದೊಳಗಿನ ಯಾವ ಉತ್ಖನನಕ್ಕಾದರೂ ಹಣ ಕೇಳಿ ಬಂದವರಲ್ಲಿ ಮೊದಲು ಕೇಳಬೇಕಾದದ್ದು ಈ ವರ್ಷದ ಅನುಮತಿ ಪತ್ರ ಮತ್ತು ಉತ್ಖನನದ ನಿರ್ದೇಶಕರ ಹೆಸರು. ಅನುಮತಿ ಸಾಮಾನ್ಯವಾಗಿ ಒಂದೊಂದು ಋತುವಿಗೆ ಕೊಡುವಂಥದ್ದು; ಹಳೆಯ ವರ್ಷದ ಪತ್ರ ತೋರಿಸಿ ಈ ವರ್ಷದ ಹಣ ಎತ್ತುವುದನ್ನು ಒಪ್ಪಬೇಕಾಗಿಲ್ಲ.

ವಿದೇಶದ ಉತ್ಖನನಕ್ಕೆ ಹಣ

ಈ ದಾರಿಯ ಎರಡು ಉದಾಹರಣೆಗಳು ಒಂದೇ ವರ್ಷದವು. 2012ರಲ್ಲಿ ಡಿಗ್‌ವೆಂಚರ್ಸ್ ಎಂಬ ಸಂಸ್ಥೆ ಇಂಗ್ಲೆಂಡಿನ ಪೀಟರ್‌ಬರೋ ಬಳಿಯ ಫ್ಲ್ಯಾಗ್ ಫೆನ್ ಎಂಬ ಕಂಚಿನ ಯುಗದ ತಾಣಕ್ಕಾಗಿ ಅಂತರ್ಜಾಲದಲ್ಲಿ ದೇಣಿಗೆ ಕೇಳಿ, 25 ಸಾವಿರ ಪೌಂಡಿಗೂ ಹೆಚ್ಚು ಕೂಡಿಸಿತು. ಜೌಗು ನೆಲದಲ್ಲಿ ಮೂರು ಸಾವಿರ ವರ್ಷಗಳಿಂದ ಕೊಳೆಯದೆ ಉಳಿದಿದ್ದ ಮರದ ದಾರಿಯೊಂದು, ನೀರು ಇಳಿದು ನೆಲ ಒಣಗುತ್ತಿದ್ದಂತೆ ಹಾಳಾಗುವ ಸ್ಥಿತಿಯಲ್ಲಿತ್ತು. ಕೆಲಸಕ್ಕೆ ಆತುರವೂ ಇತ್ತು, ಸ್ಪಷ್ಟ ಪ್ರಶ್ನೆಯೂ ಇತ್ತು. ಅದೇ ವರ್ಷ ಲೆಸ್ಟರ್ ನಗರದಲ್ಲಿ ಕಾರು ನಿಲ್ದಾಣವೊಂದರ ಕೆಳಗೆ ಇಂಗ್ಲೆಂಡಿನ ರಾಜ ಮೂರನೆಯ ರಿಚರ್ಡನ ಸಮಾಧಿ ಹುಡುಕುವ ಯೋಜನೆಗೆ ಕೊನೆಯ ಗಳಿಗೆಯಲ್ಲಿ ಹಣ ಕಡಿಮೆ ಬಿದ್ದಾಗ, ಅವನ ಹೆಸರಿನ ಸೊಸೈಟಿಯ ಸದಸ್ಯರು ಲೋಕದ ನಾನಾ ಕಡೆಗಳಿಂದ ಎರಡು ವಾರದಲ್ಲಿ ಸುಮಾರು 13 ಸಾವಿರ ಪೌಂಡು ಕಳುಹಿಸಿದರು. ಆಗಸ್ಟ್ 25ರಂದು ಅಗೆತ ಶುರುವಾದ ಮೊದಲ ದಿನವೇ ಕಾಲಿನ ಮೂಳೆಗಳು ಕಂಡವು. 2013ರ ಫೆಬ್ರವರಿ 4ರಂದು ಅದು ರಿಚರ್ಡನದೇ ಅಸ್ಥಿ ಎಂದು ವಿಶ್ವವಿದ್ಯಾಲಯ ಪ್ರಕಟಿಸಿತು.

ಈ ಎರಡನೆಯ ಕತೆಯನ್ನು ದೇಣಿಗೆ ಕೇಳುವವರೆಲ್ಲ ಹೇಳುತ್ತಾರೆ, ಆದರೆ ಅರ್ಧಕ್ಕೆ ನಿಲ್ಲಿಸುತ್ತಾರೆ. ಜನರ ಹಣದಿಂದ ಆದದ್ದು ಗುಂಡಿ ತೆಗೆಯುವ ಕೆಲಸ. ಆಗಸ್ಟಿನಿಂದ ಫೆಬ್ರವರಿಯವರೆಗೆ ನಡೆದ ಡಿಎನ್‌ಎ ಪರೀಕ್ಷೆ, ರೇಡಿಯೋ ಕಾರ್ಬನ್ ಕಾಲನಿರ್ಣಯ, ಮೂಳೆಗಳ ಸ್ಕ್ಯಾನ್, ವಂಶಾವಳಿಯ ಶೋಧ ಇವುಗಳ ಭಾರದ ಬಹುಪಾಲನ್ನು ಹೊತ್ತದ್ದು ಲೆಸ್ಟರ್ ವಿಶ್ವವಿದ್ಯಾಲಯ. ಬೆನ್ನ ಹಿಂದೆ ಅಂತಹ ಸಂಸ್ಥೆಯೊಂದು ಇಲ್ಲದಿದ್ದರೆ ಮೂಳೆಗಳು ಪೆಟ್ಟಿಗೆಯಲ್ಲಿ ಹೆಸರಿಲ್ಲದೆ ಉಳಿಯುತ್ತಿದ್ದವು.

ಈ ಬಗೆಯ ಯೋಜನೆಗಳ ಅನುಕೂಲ ಅವುಗಳ ಬಹಿರಂಗತೆ. ಡಿಗ್‌ವೆಂಚರ್ಸ್‌ನಂತಹವರು ಕಣದಲ್ಲೇ ದಾಖಲೆಗಳನ್ನು ಡಿಜಿಟಲ್ ರೂಪದಲ್ಲಿ ತುಂಬಿ ಅಂತರ್ಜಾಲಕ್ಕೆ ಏರಿಸುತ್ತಾರೆ. ಹಣ ಕೊಟ್ಟವನು ಯಾವ ಗುಂಡಿಯ ಯಾವ ಪದರದಲ್ಲಿ ಏನು ಸಿಕ್ಕಿತೆಂದು ಬದಿಯಡ್ಕದಲ್ಲಿ ಕುಳಿತೂ ನೋಡಬಹುದು. ದರ್ಹಂ ವಿಶ್ವವಿದ್ಯಾಲಯದ ಜೊತೆ ಅವರು 2016ರಿಂದ ಲಿಂಡಿಸ್‌ಫಾರ್ನ್ ದ್ವೀಪದಲ್ಲಿ ನಡೆಸಿದ ಉತ್ಖನನದಲ್ಲಿ, 2019ರಲ್ಲಿ ತಂಡದ ಸದಸ್ಯರೊಬ್ಬರನ್ನು ನೋಡಲು ಬಂದಿದ್ದ ತಾಯಿಯ ಕೈಗೆ ವೈಕಿಂಗರ ಕಾಲದ ಪುಟ್ಟ ಗಾಜಿನ ಆಟದ ಕಾಯಿಯೊಂದು ಸಿಕ್ಕಿತು. ಸಾಮಾನ್ಯರ ಕಣ್ಣಿಗೂ ಬೆಲೆಯಿದೆ ಎಂಬುದಕ್ಕೆ ಅದೊಂದು ಚೆಂದದ ನಿದರ್ಶನ. ಆದರೆ ನಮ್ಮ ಪಾಲಿಗೆ ಅನನುಕೂಲಗಳೂ ಇವೆ. ಕೊಟ್ಟ ಹಣಕ್ಕೆ ಇಲ್ಲಿ ತೆರಿಗೆ ರಿಯಾಯಿತಿ ಸಿಗದು, ವಿನಿಮಯದ ನಷ್ಟ ಬೇರೆ, ಮತ್ತು ಅಲ್ಲಿ ಹೋಗಿ ಅಗೆಯಲು ದಿನಕ್ಕಿಷ್ಟೆಂದು ಶುಲ್ಕ, ವೀಸಾ, ವಿಮಾನ ಎಲ್ಲ ಸೇರಿದರೆ ಅದು ದೇಣಿಗೆಗಿಂತ ವಿಶೇಷ ಪ್ರವಾಸವೇ ಆಗುತ್ತದೆ. ತರಬೇತಿಯ ದೃಷ್ಟಿಯಿಂದ ವಿದ್ಯಾರ್ಥಿಯೊಬ್ಬನಿಗೆ ಅದು ಉಪಯುಕ್ತವೇ ಸರಿ. ನಮ್ಮ ನೆಲದ ಚರಿತ್ರೆಗೆ ಅದರಿಂದ ನೇರ ಲಾಭವಿಲ್ಲ.

ಹಣ ಕೊಡುವವರು ದೇಣಿಗೆಯ ಮಾದರಿಯನ್ನೂ ಗಮನಿಸಬೇಕು. ಗುರಿ ಮುಟ್ಟಿದರೆ ಮಾತ್ರ ಹಣ ಕಡಿತವಾಗುವ ಮಾದರಿ ಒಂದು. ಎಷ್ಟು ಬಂದರೂ ಸಂಘಟಕರೇ ಇಟ್ಟುಕೊಳ್ಳುವ ಮಾದರಿ ಇನ್ನೊಂದು. ಉತ್ಖನನದ ವಿಷಯದಲ್ಲಿ ನಾನು ಮೊದಲನೆಯದನ್ನೇ ಒಪ್ಪುತ್ತೇನೆ, ಏಕೆಂದರೆ ಅರ್ಧ ಹಣದಲ್ಲಿ ಅರ್ಧ ಅಗೆದು ಬಿಟ್ಟ ತಾಣ ಅಗೆಯದೆ ಬಿಟ್ಟ ತಾಣಕ್ಕಿಂತ ಕೆಟ್ಟದು.

ಹತ್ತಿರದ ಉತ್ಖನನದಲ್ಲಿ ಶ್ರಮ

ಕೇರಳದಲ್ಲಿಯೂ ಕರ್ನಾಟಕದಲ್ಲಿಯೂ ಇಲಾಖೆ, ವಿಶ್ವವಿದ್ಯಾಲಯಗಳ ಉತ್ಖನನಗಳು ಆಗಾಗ ನಡೆಯುತ್ತವೆ. ಕೇರಳ ಚರಿತ್ರ ಸಂಶೋಧನ ಪರಿಷತ್ತು 2007ರಿಂದ ಪಟ್ಟಣಂನಲ್ಲಿ ನಡೆಸಿದ ಉತ್ಖನನ ಜನವಸತಿಯ ನಡುವೆಯೇ, ಮನೆಗಳ ಹಿತ್ತಲುಗಳಲ್ಲಿ ನಡೆಯಿತು. ನಮ್ಮದೇ ಜಿಲ್ಲೆಯಲ್ಲಿ 1997ರಿಂದ 2001ರ ನಡುವೆ ಬೇಕಲ ಕೋಟೆಯೊಳಗೆ ನಡೆದ ಉತ್ಖನನ ಇಕ್ಕೇರಿ ನಾಯಕರ ಕಾಲದ ಅರಮನೆಯ ಅವಶೇಷಗಳನ್ನು ಬೆಳಕಿಗೆ ತಂದಿತು. ಜಿಲ್ಲೆಯ ತೆಂಕಣ ಭಾಗದ ಉಮಿಚ್ಚಿಪೊಯಿಲ್‌ನಲ್ಲಿ ಮುರಕಲ್ಲಿನಲ್ಲಿ ಕೊರೆದ ಕಬ್ಬಿಣ ಯುಗದ ಸಮಾಧಿ ಗುಹೆಗಳ ಉತ್ಖನನವಾಗಿದೆ.

ಇಂತಹ ಕಡೆ ಶ್ರಮದ ಕೆಲಸವನ್ನು ಸಾಮಾನ್ಯವಾಗಿ ಸ್ಥಳೀಯ ಕೂಲಿಕಾರರು ದಿನಗೂಲಿಗೆ ಮಾಡುತ್ತಾರೆ. ಗುಂಡಿಯ ಮೇಲ್ವಿಚಾರಣೆ ಸಂಶೋಧನ ವಿದ್ಯಾರ್ಥಿಗಳದು. ಹೊರಗಿನ ಸ್ವಯಂಸೇವಕರಿಗೆಂದು ತೆರೆದ ವ್ಯವಸ್ಥೆ ನಮ್ಮಲ್ಲಿ ವಿರಳ, ನಿರ್ದೇಶಕರ ಒಪ್ಪಿಗೆಯೇ ಇಲ್ಲಿ ಎಲ್ಲ. ಪುಕ್ಕಟೆಯಾಗಿ ಅಗೆಯಲು ಹೋಗುವ ಉತ್ಸಾಹಿ ಒಬ್ಬ ಕೂಲಿಕಾರನ ದಿನದ ದುಡಿಮೆಯನ್ನು ಕಸಿಯುತ್ತಿರಬಹುದು ಎಂಬುದನ್ನೂ ನೆನೆಯಬೇಕು. ಮಳೆಗಾಲದ ಲೆಕ್ಕವೂ ಇದೆ: ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕರಾವಳಿಯಲ್ಲಿ ಗುಂಡಿ ತೆರೆದಿಡಲು ಬಾರದು, ಹಿಂಗಾರು ತೊಲಗಿದ ಮೇಲೆ ವಿಷುವಿನ ಆಸುಪಾಸಿನ ತನಕವೇ ಕೆಲಸದ ಕಾಲ.

ಆದರೆ ಗುಂಡಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಚಪ್ಪರದ ಕೆಳಗೆ, ಕೈಗಳು ಯಾವಾಗಲೂ ಸಾಲದೆ ಇರುವ ಕೆಲಸವೊಂದಿದೆ. ಅಗೆದು ತಂದ ಮಡಕೆ ಚೂರುಗಳನ್ನು ಗುಂಡಿ, ಪದರಗಳಿಗೆ ತಕ್ಕಂತೆ ಪ್ರತ್ಯೇಕ ಬಕೆಟ್ಟುಗಳಲ್ಲಿ ನೆನೆಸಿ, ಮೆದು ಬ್ರಷ್ಷಿನಿಂದ ಒಂದೊಂದನ್ನೇ ತಿಕ್ಕಿ, ನೆರಳಲ್ಲಿ ಒಣಹಾಕಬೇಕು. ಕಪ್ಪು-ಕೆಂಪು ಮಡಕೆಯ ಚೂರನ್ನು ಜೋರಾಗಿ ಉಜ್ಜಿದರೆ ಮೇಲಿನ ಹೊಳಪು ಎದ್ದುಹೋಗುತ್ತದೆ. ಒಳಗೆ ಅಂಟಿದ ಕರಿ ಅನ್ನದ್ದಿರಬಹುದು, ಎಣ್ಣೆಯದಿರಬಹುದು, ಅದನ್ನು ತೊಳೆಯಲೇಬಾರದು. ಒಣಗಿದ ಮೇಲೆ ಚೂರಿನ ಒಳಮೈಯ ಮೂಲೆಯಲ್ಲಿ ಸಣ್ಣ ನಿಬ್ಬಿನಿಂದ ತಾಣದ ಸಂಕೇತ, ವರ್ಷ, ಗುಂಡಿಯ ಸಂಖ್ಯೆ, ಪದರ, ಆಳ ಇಷ್ಟನ್ನು ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಬರೆಯಬೇಕು. ಆ ಬರಹ ತಪ್ಪಿದರೆ ಚೂರು ಬರೀ ಬೋಕಿ ಬಿಲ್ಲೆ. ನೀಟಾದ ಕೈಬರಹವುಳ್ಳ ನಿವೃತ್ತ ಗುಮಾಸ್ತರು, ತಾಳ್ಮೆಯುಳ್ಳ ಗೃಹಿಣಿಯರು, ಚಿತ್ರಕಲೆ ಬಲ್ಲ ಶಾಲಾ ಅಧ್ಯಾಪಕರು ಇಂತಹ ಕೆಲಸಕ್ಕೆ ಹೇಳಿ ಮಾಡಿಸಿದವರು. ಹತ್ತಿರದಲ್ಲಿ ಉತ್ಖನನ ನಡೆಯುತ್ತಿದೆಯೆಂದು ತಿಳಿದರೆ, ಅಗೆಯಲು ಅವಕಾಶವಿದೆಯೇ ಎಂದು ಕೇಳುವ ಬದಲು ಮಡಕೆ ತೊಳೆಯಲು, ಅಂಕಿ ಬರೆಯಲು, ಚಿತ್ರ ಬಿಡಿಸಲು ಜನ ಬೇಕೇ ಎಂದು ಕೇಳಿ ನೋಡಬೇಕು. ಉತ್ತರ ಬೇರೆಯೇ ಬರುವ ಸಾಧ್ಯತೆ ಹೆಚ್ಚು.

ಹಣ ಕೊಡುವವರಿಗೂ ಈ ಚಪ್ಪರವೇ ಸರಿಯಾದ ಜಾಗ. ತಮಿಳುನಾಡಿನ ಕೀಳಡಿಯ ಚರಿತ್ರೆ ಇಷ್ಟು ಚರ್ಚೆಗೆ ಬಂದದ್ದು 353 ಸೆಂಟಿಮೀಟರು ಆಳದ ಇದ್ದಿಲ ಮಾದರಿಯೊಂದು ಅಮೆರಿಕದ ಪ್ರಯೋಗಾಲಯದಲ್ಲಿ ಕ್ರಿ.ಪೂ. 580ರ ಕಾಲದ್ದೆಂದು ನಿರ್ಣಯವಾಗಿ, 2019ರಲ್ಲಿ ರಾಜ್ಯ ಪುರಾತತ್ವ ಇಲಾಖೆ ಅದನ್ನು ಪ್ರಕಟಿಸಿದ ಮೇಲೆ. ಇಂತಹ ಪರೀಕ್ಷೆಗೆ ಮಾದರಿಯೊಂದಕ್ಕೆ ಹತ್ತಾರು ಸಾವಿರ ರೂಪಾಯಿ ತಗಲುತ್ತದೆ, ಒಂದು ತಾಣಕ್ಕೆ ಹಲವು ಮಾದರಿಗಳು ಬೇಕು. ಸಣ್ಣ ಕಾಲೇಜಿನ ವಿಭಾಗವೊಂದಕ್ಕೆ ಕೂಲಿಯ ಹಣ ಹೇಗೋ ಹೊಂದುತ್ತದೆ, ಕಾಲನಿರ್ಣಯದ ಹಣ ಹೊಂದುವುದಿಲ್ಲ. ಹತ್ತು ಮಂದಿ ಸೇರಿ ಒಂದು ಮಾದರಿಯ ವೆಚ್ಚ ಹೊತ್ತರೆ, ಅದರ ಫಲ ಒಂದು ಅಂಕಿಯಾಗಿ ವರದಿಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಅಗೆದು ಹತ್ತಾರು ವರ್ಷ ಕಳೆದರೂ ಅಂತಿಮ ವರದಿ ಹೊರಬಾರದ ಉತ್ಖನನಗಳು ನಮ್ಮ ದೇಶದಲ್ಲಿ ಕಡಿಮೆಯೇನಲ್ಲ. ವರದಿಯ ಗಡುವು, ಅಚ್ಚಿನ ವೆಚ್ಚ, ವಸ್ತುಗಳನ್ನು ಇಡುವ ಜಾಗ ಈ ಮೂರಕ್ಕೂ ಆಯವ್ಯಯದಲ್ಲಿ ಸಾಲುಗಳಿಲ್ಲದ ಯೋಜನೆಗೆ ಹಣ ಕೊಡದಿರುವುದೇ ವಾಸಿ.

ರಾಷ್ಟ್ರೀಯ ನಿಧಿಯ ದಾರಿ

ಕೇಂದ್ರ ಸಂಸ್ಕೃತಿ ಸಚಿವಾಲಯದಡಿ 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿ ದೇಣಿಗೆಯನ್ನು ಪಡೆದು ಸ್ಮಾರಕಗಳ ಕೆಲಸಕ್ಕೆ ಬಳಸುತ್ತದೆ. ದಾನಿ ಇಂಥ ಸ್ಮಾರಕಕ್ಕೆಂದೇ ಸೂಚಿಸಬಹುದು, ದೇಣಿಗೆಗೆ ಪೂರ್ಣ ತೆರಿಗೆ ವಿನಾಯಿತಿಯೂ ಇದೆ. ಭದ್ರತೆಯಲ್ಲಿ ಇದಕ್ಕೆ ಮಿಗಿಲಾದದ್ದಿಲ್ಲ. ಆದರೆ ಇಲ್ಲಿಯವರೆಗೆ ಅದರ ಕಣದಲ್ಲಿ ಕಂಡವು ಹೆಚ್ಚಾಗಿ ತೈಲ ಕಂಪನಿಗಳಂತಹ ದೊಡ್ಡ ಸಂಸ್ಥೆಗಳು. 2017ರಲ್ಲಿ ಬಂದು 2023ರಲ್ಲಿ ಪರಿಷ್ಕೃತವಾದ ಸ್ಮಾರಕ ದತ್ತು ಯೋಜನೆಯೂ ಮುಖ್ಯವಾಗಿ ಸಂಸ್ಥೆಗಳನ್ನು ಉದ್ದೇಶಿಸಿದ್ದು. ಐನೂರು, ಸಾವಿರ ರೂಪಾಯಿ ಕೊಡುವ ಅಡಿಕೆ ಕೃಷಿಕನಿಗೆ ತನ್ನ ಹಣ ಎಲ್ಲಿ ಹೋಯಿತೆಂದು ಕಾಣುವ ಸೌಲಭ್ಯ ಇಲ್ಲಿ ತೀರ ಕಡಿಮೆ. ಊರಿನ ಸಹಕಾರಿ ಸಂಘ ಅಥವಾ ಉದ್ಯಮಿಯೊಬ್ಬರ ಬಳಿ ದೊಡ್ಡ ಮೊತ್ತವಿದ್ದು, ಬೇಕಲದಂತಹ ಸಂರಕ್ಷಿತ ಸ್ಮಾರಕಕ್ಕೇ ಕೊಡಬೇಕೆಂಬ ಸಂಕಲ್ಪವಿದ್ದರೆ ಮಾತ್ರ ಇದನ್ನು ಸೂಚಿಸುತ್ತೇನೆ.

ಮನೆಯಲ್ಲೇ ಕುಳಿತು

ಹಣವೂ ಇಲ್ಲ, ತಿರುಗಾಡಲೂ ಆಗದು ಎನ್ನುವವರಿಗೆ ಅಂತರ್ಜಾಲದ ಕೆಲಸಗಳಿವೆ. ಬ್ರಿಟಿಷ್ ಮ್ಯೂಸಿಯಂ ಮತ್ತು ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸೇರಿ ಆರಂಭಿಸಿದ ಮೈಕ್ರೊಪಾಸ್ಟ್ಸ್‌ನಲ್ಲಿ ಜನರು ಕಂಚಿನ ಯುಗದ ವಸ್ತುಗಳ ಹಳೆಯ ಕೈಬರಹದ ಕಾರ್ಡುಗಳನ್ನು ಓದಿ ಟೈಪು ಮಾಡಿದರು. ಪುರಾತತ್ವಜ್ಞೆ ಸಾರಾ ಪಾರ್ಕಾಕ್ 2017ರಲ್ಲಿ ಆರಂಭಿಸಿದ ಗ್ಲೋಬಲ್‌ಎಕ್ಸ್‌ಪ್ಲೋರರ್‌ನಲ್ಲಿ ಹತ್ತಾರು ಸಾವಿರ ಜನ ಪೆರುವಿನ ಉಪಗ್ರಹ ಚಿತ್ರಗಳನ್ನು ಜಾಲಾಡಿದರು. ಸಂಜೆಯ ಒಂದು ತಾಸಿಗೆ ಒಗ್ಗುವ, ಖರ್ಚಿಲ್ಲದ ಕೆಲಸ. ದಟ್ಟ ಹಸಿರಿನ ನಮ್ಮ ಜಿಲ್ಲೆಯಲ್ಲಿ ಉಪಗ್ರಹ ಚಿತ್ರಕ್ಕೆ ರಬ್ಬರು ತೋಟವಲ್ಲದೆ ಬೇರೇನೂ ಕಾಣದು ಎಂಬುದು ಬೇರೆ ಮಾತು.

ಅಗೆಯದೆ ದಾಖಲಿಸುವುದು

ಎಲ್ಲ ದಾರಿಗಳಲ್ಲಿ ನನಗೆ ಹೆಚ್ಚು ಭರವಸೆಯಿರುವುದು ಇದರಲ್ಲಿ. ಕಾರಣ ಕಾಸರಗೋಡಿನಲ್ಲಿ ಪುರಾತನ ಅವಶೇಷಗಳು ನಾಶವಾಗುತ್ತಿರುವ ರೀತಿ. ಮುರಕಲ್ಲಿನ ಕೋರೆಯಲ್ಲಿ ಯಂತ್ರದ ಅಲಗು ಸಾಲು ಸಾಲಾಗಿ ಕಲ್ಲು ಕತ್ತರಿಸುತ್ತ ಹೋಗುವಾಗ ಕಲ್ಲಿನ ಮೈಯಲ್ಲಿ ಇದ್ದಕ್ಕಿದ್ದಂತೆ ದುಂಡನೆಯ ಬಾಯಿ ತೆರೆಯುತ್ತದೆ. ಒಳಗೆ ಗುಮ್ಮಟದ ಆಕಾರದ ಕೋಣೆ, ನೆಲದ ಮೇಲೆ ಕಾಲುಗಳಿರುವ ಜಾಡಿ, ಕಪ್ಪು-ಕೆಂಪು ಮಡಕೆ, ತುಕ್ಕು ಹಿಡಿದ ಕಬ್ಬಿಣ. ಊರವರು ಪಾಂಡವರ ಗುಹೆಯೆಂದೋ, ಮಲೆಯಾಳದಲ್ಲಿ ಮುನಿಯರವೆಂದೋ ಕರೆಯುವ ಈ ಕೋಣೆಗಳು ಕಬ್ಬಿಣ ಯುಗದ ಬೃಹತ್ ಶಿಲಾ ಸಂಸ್ಕೃತಿಯವು. ಬಂಗಾರವಿದೆಯೇ ಎಂದು ಜಾಡಿ ಒಡೆದು ನೋಡಿ, ಮಣ್ಣೇ ಇದ್ದರೆ ಬದಿಗೆಸೆದು, ಸಂಜೆಯ ಹೊತ್ತಿಗೆ ಆ ಗೋಡೆಯನ್ನೂ ಇಟ್ಟಿಗೆಯಾಗಿ ಕತ್ತರಿಸಿ ಲಾರಿಗೆ ಏರಿಸುತ್ತಾರೆ. ಇದಕ್ಕೆ ಉತ್ಖನನದ ಅನುಮತಿಗಾಗಿ ವರ್ಷಗಟ್ಟಲೆ ಕಾಯುವ ವೇಳೆಯಿಲ್ಲ. ಅದೇ ದಿನ ಬಂದು ಫೋಟೋ ತೆಗೆದು, ಅಳತೆ ಹಿಡಿದು, ಇಲಾಖೆಗೆ ತಿಳಿಸುವ ಊರವರು ಬೇಕು.

ನೆರೆಯ ದಕ್ಷಿಣ ಕನ್ನಡದ ಮೂಡುಬಿದಿರೆ ಬಳಿ ಮೂಡುಕೊಣಾಜೆಯ ಉದಾಹರಣೆ ಇದಕ್ಕೆ ಒಪ್ಪುತ್ತದೆ. ಅಲ್ಲಿನ ಕಲ್ಗೋರಿಗಳ ಪೈಕಿ ಬಹುಪಾಲು ಕೆಡಿಸಲ್ಪಟ್ಟಿದ್ದವು. ಹಾಗೆ ಕೆಡಿಸಿದ ಗೋರಿಯ ಮೇಲ್ಮಣ್ಣಿನಲ್ಲೇ 2023ರಲ್ಲಿ ಸುಟ್ಟ ಜೇಡಿಯ ಅಪರೂಪದ ಗೊಂಬೆಗಳನ್ನು ಪುರಾತತ್ವ ಅಧ್ಯಾಪಕ ಟಿ. ಮುರುಗೇಶಿಯವರು ಗುರುತಿಸಿದರು. ಅದಕ್ಕೆ ಬೇಕಾದದ್ದು ಕಣ್ಣು ಮತ್ತು ತಿರುಗಾಟ. ನಮ್ಮ ಜಿಲ್ಲೆಯ ಎರಿಕುಳದ ಪಾರೆಯ ಮೇಲಿನ ಗೀರುಚಿತ್ರಗಳೂ ಅಗೆಯದೆ ಕಂಡವೇ.

ಈ ಬಗೆಯ ಕೆಲಸಕ್ಕೆ ಜನರ ಹಣ ಹೇಗೆ ನೆರವಾಗುತ್ತದೆ ಎಂಬುದಕ್ಕೆ ಬೆಂಗಳೂರು ದಾರಿ ತೋರಿಸಿದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ವೇಳೆ ಹೊರಬಿದ್ದ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲನ್ನು ಆಸಕ್ತ ನಾಗರಿಕರು ಕಾಪಾಡಿದರು, ಸಾರ್ವಜನಿಕರ ನೆರವಿನಿಂದ ಅದಕ್ಕೆ ಮಂಟಪವಾಯಿತು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಕಣ್ಣಿಗೆ ಸವೆದಂತೆ ಕಾಣುವ ಅಕ್ಷರಗಳನ್ನು ಪರದೆಯ ಮೇಲೆ ಎತ್ತಿ ತೋರಿಸುತ್ತಿದೆ. ಇವೆರಡರಲ್ಲಿಯೂ ಉತ್ಖನನಕ್ಕೆಂದು ಗುದ್ದಲಿ ನೆಲಕ್ಕೆ ಬಿದ್ದಿಲ್ಲ, ಅನುಮತಿಯ ತೊಡಕೂ ಕಡಿಮೆ.

ನಮ್ಮಲ್ಲಿ ಇಂತಹ ಕೆಲಸಕ್ಕೆ ಒಂದು ಸಿದ್ಧ ಅವಕಾಶವಿದೆ. ಅದನ್ನು ಯಾರೂ ಅಷ್ಟಾಗಿ ಬಳಸಿಕೊಂಡಂತೆ ಕಾಣುವುದಿಲ್ಲ. ದೇವಸ್ಥಾನ, ದೈವಸ್ಥಾನ, ತರವಾಡು ಮನೆಗಳ ಜೀರ್ಣೋದ್ಧಾರ ಕಾಸರಗೋಡಿನಲ್ಲಿ ವರ್ಷವಿಡೀ ನಡೆಯುತ್ತದೆ. ಬ್ರಹ್ಮಕಲಶಕ್ಕೆ ಹಸಿರುವಾಣಿ ಹೊರೆಕಾಣಿಕೆ ಬರುತ್ತದೆ, ಊರಿಗೆ ಊರೇ ಶ್ರಮದಾನಕ್ಕೆ ಇಳಿಯುತ್ತದೆ, ಗಲ್ಫಿನಿಂದ ಹಣ ಬರುತ್ತದೆ, ರಶೀದಿಯೂ ಲೆಕ್ಕಪತ್ರವೂ ಇರುತ್ತದೆ. ಸಮೂಹ ದೇಣಿಗೆಯ ವಿದ್ಯೆಯನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೆ ಹಳೆಯ ಪಂಚಾಂಗದ, ಅಂದರೆ ತಳಪಾಯದ, ಕಲ್ಲು ಕಿತ್ತು ಹೊಸ ಶಿಲೆ ಕೂರಿಸುವಾಗ, ಅಕ್ಷರವಿದ್ದ ಕಲ್ಲು ಮೆಟ್ಟಿಲಿಗೆ ಸೇರುತ್ತದೆ, ಮುರಿದ ಪಾಣಿಪೀಠ ಬಾವಿಗೆ ಬೀಳುತ್ತದೆ, ಜೆಸಿಬಿ ಎತ್ತಿದ ಮಣ್ಣು ಎಲ್ಲೋ ಗದ್ದೆ ತುಂಬಿಸಲು ಹೋಗುತ್ತದೆ. ಜೀರ್ಣೋದ್ಧಾರ ಸಮಿತಿಯ ಆಯವ್ಯಯದಲ್ಲಿ ಚಪ್ಪರಕ್ಕೂ ಧ್ವನಿವರ್ಧಕಕ್ಕೂ ಇಡುವ ಹಣದ ಒಂದು ಸಣ್ಣ ಪಾಲನ್ನು ದಾಖಲಾತಿಗೆಂದು ಇಟ್ಟರೆ, ಶಾಸನ ಓದಬಲ್ಲ ವಿದ್ವಾಂಸರೊಬ್ಬರನ್ನೂ ಛಾಯಾಗ್ರಾಹಕರೊಬ್ಬರನ್ನೂ ಕೆಲಸ ಆರಂಭವಾಗುವ ಮೊದಲು ಕರೆಸಬಹುದು. ಊರಿನ ದಾನಿಯೊಬ್ಬನಿಗೆ ಫ್ಲ್ಯಾಗ್ ಫೆನ್ನಿಗಿಂತ ಇದು ಹತ್ತಿರದ ಕೆಲಸ, ಅಗ್ಗದ್ದು ಕೂಡ. ಸಮಿತಿಯವರು ಶಾಸನ ಸಿಕ್ಕಿದರೆ ಇಲಾಖೆ ಬಂದು ಕೆಲಸ ನಿಲ್ಲಿಸೀತು ಎಂದು ಹೆದರುವುದುಂಟು. ಆ ಹೆದರಿಕೆಯನ್ನು ಮೊದಲೇ ಮಾತಾಡಿ ಕಳೆಯುವುದು ದಾಖಲಾತಿಯ ಅರ್ಧ ಕೆಲಸ.

ದಾಖಲಿಸುವವರು ಕಲ್ಲಿಗೆ ಸುಣ್ಣ, ಅರಸಿನ, ಬಣ್ಣ ಬಳಿಯಬಾರದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆದರೆ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ನಿಖರವಾದ ಜಿಪಿಎಸ್ ಸ್ಥಳವನ್ನು ಇಲಾಖೆಗೆ, ಸಂಶೋಧಕರಿಗೆ ಮಾತ್ರ ಕೊಡಬೇಕೇ ಹೊರತು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬಾರದು. ನಿಧಿ ಹುಡುಕುವವರೂ ಅದೇ ಗುಂಪುಗಳಲ್ಲಿ ಇರುತ್ತಾರೆ.

ಜಾಗದ ಒಡೆಯರಿಗೆ

ಹಣ, ಶ್ರಮಗಳ ಜೊತೆಗೆ ಮೂರನೆಯ ಕೊಡುಗೆ ನೆಲದ್ದು, ಮತ್ತು ಹಲವು ಬಾರಿ ಅದೇ ದೊಡ್ಡದು. ಕೀಳಡಿಯ ಉತ್ಖನನ ನಡೆದದ್ದು ಖಾಸಗಿ ತೆಂಗಿನ ತೋಟಗಳಲ್ಲಿ. ಒಡೆಯರು ಒಪ್ಪದಿದ್ದರೆ ಅದು ಆಗುತ್ತಿರಲಿಲ್ಲ. ನಿಮ್ಮ ತೋಟದಲ್ಲಿ ಅಗೆಯಲು ಸಂಶೋಧಕರು ಕೇಳಿದರೆ ಅನುಮತಿ ಪತ್ರದ ಪ್ರತಿ, ಬೆಳೆ ನಷ್ಟದ ಪರಿಹಾರ, ಗುಂಡಿ ಮುಚ್ಚಿಕೊಡುವ ದಿನ ಇವನ್ನು ಬರಹದಲ್ಲಿ ಪಡೆಯಬೇಕು. ಅಗೆದರೆ ಜಾಗವನ್ನು ಸರ್ಕಾರ ನುಂಗಿಬಿಡುತ್ತದೆ ಎಂಬ ಭಯ ವ್ಯಾಪಕವಾಗಿದೆ. ಸಂರಕ್ಷಿತವೆಂದು ಘೋಷಿಸಲು ಅಧಿಸೂಚನೆ, ಆಕ್ಷೇಪಣೆಯ ಅವಕಾಶ ಎಲ್ಲ ಇರುವ ಪ್ರತ್ಯೇಕ ಪ್ರಕ್ರಿಯೆಯಿದೆ, ಉತ್ಖನನ ನಡೆದ ಮಾತ್ರಕ್ಕೆ ಅದು ತಾನಾಗಿ ಆಗುವಂಥದ್ದಲ್ಲ.

ಅಗೆಯದೆ ಏನಾದರೂ ಸಿಕ್ಕಿದರೆ ದಾರಿ ಒಂದೇ. 2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ರಬ್ಬರು ತೋಟದಲ್ಲಿ ಮಳೆಗುಂಡಿ ತೋಡುತ್ತಿದ್ದ ಉದ್ಯೋಗ ಖಾತರಿಯ ಹೆಂಗಸರಿಗೆ ಪಾತ್ರೆಯೊಂದು ಸಿಕ್ಕಿತು. ಬಾಂಬಿರಬಹುದೆಂದು ಮೊದಲು ಹೆದರಿದ ಅವರು, ಒಳಗೆ ಮುತ್ತು, ಬಂಗಾರದ ಪದಕಗಳು ಕಂಡ ಮೇಲೆ ಅದನ್ನು ಅಧಿಕಾರಿಗಳಿಗೆ ಒಪ್ಪಿಸಿದರು. ವಸ್ತು ಸಿಕ್ಕಿದ ಗುಂಡಿಯನ್ನು ಇನ್ನಷ್ಟು ಅಗೆಯದೆ, ತೊಳೆಯದೆ, ಪಂಚಾಯತಿಗೋ ಪೊಲೀಸರಿಗೋ ತಿಳಿಸಿ ಜಿಲ್ಲಾಧಿಕಾರಿಗೆ ಬರಹದಲ್ಲಿ ಮಾಹಿತಿ ಕೊಡುವುದು ಕಾನೂನಿನ ಕರ್ತವ್ಯ.

ಹಣ ಕಳುಹಿಸುವ ಮೊದಲು

ದೇಶದೊಳಗಿನ ಸಂಸ್ಥೆಗೆ ಕೊಡುವಾಗ ದಾನಿಗೆ ಆದಾಯ ತೆರಿಗೆಯಲ್ಲಿ ಕಡಿತ ಕೊಡಿಸುವ 80ಜಿ ನೋಂದಣಿ ಇದೆಯೇ ನೋಡಿ. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಆ ಕಡಿತ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗಂತೂ ಅದು ಅನ್ವಯವಾಗುವುದೇ ಇಲ್ಲ. ಗಲ್ಫಿನಲ್ಲಿರುವ ನಮ್ಮವರು ಭಾರತೀಯ ಪಾಸ್‌ಪೋರ್ಟ್ ಹೊಂದಿದ್ದು ತಮ್ಮ ಸ್ವಂತ ಸಂಪಾದನೆಯನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದ ಬಂಧು ಕೊಟ್ಟರೆ, ಆತ ಇಲ್ಲಿಯವನೇ ಆಗಿದ್ದರೂ, ಅದು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಮತ್ತು ಆ ನೋಂದಣಿಯಿಲ್ಲದ ಊರ ಸಂಘ ಅದನ್ನು ಮುಟ್ಟುವಂತಿಲ್ಲ. ಒಂದೇ ವಾಟ್ಸ್ಆ್ಯಪ್ ಗುಂ‍ಪಿನಿಂದ ಎರಡೂ ಬಗೆಯ ಹಣ ಒಂದೇ ಖಾತೆಗೆ ಬಂದು ಬೆರೆತರೆ ಬಿಡಿಸುವುದು ಕಷ್ಟ. ಆದ್ದರಿಂದ ಕೇಳುವ ಮೊದಲೇ ಯಾರಿಂದ ಪಡೆಯಬಹುದೆಂದು ಲೆಕ್ಕಪರಿಶೋಧಕರಲ್ಲಿ ವಿಚಾರಿಸಬೇಕು.

ಪುರಾತತ್ವ ಇಲಾಖೆಗೆ ಬರೆಯುವವರು ಭಾಷೆಯ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಕೇರಳ ಸರ್ಕಾರದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಲು ಹಕ್ಕುಳ್ಳವರು. ಗ್ರಾಮ, ಸರ್ವೆ ನಂಬರು, ಜಾಗದ ಒಡೆತನ, ಕಂಡ ದಿನ, ಕೋರೆ ಅಥವಾ ಕಟ್ಟಡದ ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬ ವಿವರ, ಅಳತೆಪಟ್ಟಿಯಿರುವ ಫೋಟೋ ಇಷ್ಟನ್ನು ಅರ್ಜಿಯಲ್ಲಿ ಸೇರಿಸಿ, ಒಂದು ಪ್ರತಿಯನ್ನು ಗ್ರಾಮ ಕಚೇರಿಗೂ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು.